ಬಡತನವನ್ನು ಬಲ್ಲವರು ಯಾರು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಗೆ ‘ಕಲ್ಪತರು ನಾಡು’ ಎಂಬ ಬಿರುದುಂಟು. ಬೇಡಿದ್ದನ್ನೆಲ್ಲ ಕೊಡುವ ಮರ ದೇವಲೋಕದಲ್ಲಿದೆಯೋ ಇಲ್ಲವೋ, ಕಂಡವರಿಲ್ಲ. ಆದರೆ ತಿಪಟೂರಿನಿಂದ ಯಾವ ದಿಕ್ಕಿಗೆ ಹೊರಟರೂ ದಾರಿಯ ಎರಡು ಮಗ್ಗುಲಿಗೂ ತೆಂಗಿನ ತೋಟಗಳು ಬಿಡದೆ ಜೊತೆಗೆ ಬರುವುದನ್ನು ಕಂಡವರು ಆ ಬಿರುದು ಸಲ್ಲದೆಂದು ಹೇಳಲಾರರು. ಬಸ್ಸಿನ ಕಿಟಕಿಯಿಂದ ನೋಡುವ ಪ್ರಯಾಣಿಕನಿಗೆ ಇದು ಹೊಟ್ಟೆ ತುಂಬಿದ ನಾಡು. ಇಲ್ಲಿ ಬಡತನವೆಲ್ಲಿದೆ ಎಂದು ಅವನು ಕೇಳಿದರೆ ಆಶ್ಚರ್ಯವಿಲ್ಲ. ಇದೇ ಸೀಮೆಯ ತೋಟದ ಮನೆಯೊಂದರಲ್ಲಿ ಹುಟ್ಟಿ ಬೆಳೆದು, ಇದೇ ಸೀಮೆಯ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತಿರುವ ನಾನೂ ಬಹುಕಾಲ ಹೆಚ್ಚು ಕಡಿಮೆ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆ ಹೇಗೆ ಕದಲಿತೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮಾತಿನ ಮೇಷ್ಟ್ರಾದವನು ಮಾತಿನಿಂದಲೇ ಆರಂಭಿಸಬೇಕಷ್ಟೆ. ‘ಬಡತನ’ ಎಂಬುದು ಅಚ್ಚಗನ್ನಡದ ಮಾತು. ಹಳಗನ್ನಡದಲ್ಲಿ ‘ಬಡ’ ಎಂದರೆ ತೆಳುವಾದದ್ದು, ಕೃಶವಾದದ್ದು. ಕವಿಗಳು ಹೆಣ್ಣಿನ ಸಣ್ಣ ಸೊಂಟವನ್ನು ‘ಬಡನಡು’ ಎಂದು ಕರೆದರು. ಬಡಕಲು ಎಂಬ ಮಾತಿನಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಸಂಸ್ಕೃತದ ‘ದರಿದ್ರ’ ಶಬ್ದದ ಮೂಲದಲ್ಲಿರುವುದು ಅತ್ತಿಂದಿತ್ತ ಓಡಾಡುವುದೆಂಬ ಅರ್ಥ. ಒಂದು ಮಾತು ಬಡವನ ಮೈಯನ್ನು ನೋಡಿತು, ಇನ್ನೊಂದು ಅವನ ಕಾಲನ್ನು ನೋಡಿತು. ಎರಡರಲ್ಲಿಯೂ ಹಣದ ಸುದ್ದಿಯೇ ಇಲ್ಲವೆಂಬುದು ಗಮನಾರ್ಹ.

ಹಣದ ಸುದ್ದಿ ಬಂದದ್ದು ಈಚೆಗೆ. 1971ರಲ್ಲಿ ದಾಂಡೇಕರ್ ಮತ್ತು ರಥ್ ಎಂಬ ಅರ್ಥಶಾಸ್ತ್ರಜ್ಞರಿಬ್ಬರು ಮನುಷ್ಯನಿಗೆ ದಿನಕ್ಕೆ ಬೇಕಾದ ಆಹಾರದ ಆಧಾರದ ಮೇಲೆ ಭಾರತದ ಬಡತನವನ್ನು ಎಣಿಸಿದರು. ಅಲ್ಲಿಂದೀಚೆಗೆ ಸಮಿತಿಯ ಮೇಲೆ ಸಮಿತಿ ಕುಳಿತು ಬಡತನದ ಗೆರೆಯನ್ನು ಎಳೆದೂ ಅಳಿಸಿಯೂ ತಿದ್ದಿವೆ. ತೆಂಡೂಲ್ಕರ್ ಸಮಿತಿಯ ಕ್ರಮದಂತೆ 2011-12ರಲ್ಲಿ ಗ್ರಾಮೀಣ ಭಾರತದ ಗೆರೆ ತಲೆಗೆ ತಿಂಗಳಿಗೆ 816 ರೂಪಾಯಿ. ಇಂಥ ಲೆಕ್ಕ ಬೇಡವೆಂದು ಯಾರೂ ಹೇಳಲಾರರು. ಕೋಟ್ಯಂತರ ಜನರಿಗೆ ಅಕ್ಕಿ ಹಂಚಬೇಕಾದ ಸರ್ಕಾರಕ್ಕೆ ಏನಾದರೊಂದು ಅಳತೆ ಬೇಕು. ಆದರೆ ಈ ಗೆರೆಯನ್ನು ಎಳೆದವರಲ್ಲಿ ಅದರ ಕೆಳಗೆ ಬದುಕುವವರು ಒಬ್ಬರೂ ಇರಲಿಲ್ಲ. ಬಡತನವನ್ನು ಅಳೆಯುವವರು ಒಬ್ಬರು, ಅನುಭವಿಸುವವರು ಇನ್ನೊಬ್ಬರು. ಈ ಇಬ್ಬರ ನಡುವೆ ಮಾತುಕತೆ ನಡೆಯುವ ಬಗೆ ಹೇಗೆ?

ನಮ್ಮ ನಾಡಿನಲ್ಲಿ ಹೊರಗಿನವರು ಬಂದು ಹಳ್ಳಿಗರನ್ನು ಪ್ರಶ್ನೆ ಕೇಳುವ ಪದ್ಧತಿ ಹೊಸದಲ್ಲ. ಟಿಪ್ಪುವಿನ ಪತನದ ಮರುವರ್ಷ, ಎಂದರೆ 1800ರಲ್ಲಿ, ಕಂಪನಿ ಸರ್ಕಾರದ ಆಜ್ಞೆಯಂತೆ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯಲ್ಲೆಲ್ಲ ಸಂಚರಿಸಿದನು. ಚಿಕ್ಕನಾಯಕನಹಳ್ಳಿಯ ಕಡೆಗೂ ಬಂದು ಇಲ್ಲಿಯ ತೆಂಗಿನ ತೋಟಗಳ ವಿಷಯವನ್ನು ಬರೆದುಕೊಂಡು ಹೋದನು; 1807ರಲ್ಲಿ ಅದು ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಇಂದಿಗೂ ಅದು ಅಮೂಲ್ಯವಾದ ಗ್ರಂಥ. ಆದರೆ ಪ್ರಶ್ನೆ ಕೇಳುವವನು ಆಳುವವರ ಕಡೆಯವನು. ಉತ್ತರ ಹೇಳುವ ರೈತನ ಮನಸ್ಸಿನಲ್ಲಿ ಕಂದಾಯದ ಭಯ. ಇಂಥ ಸಂವಾದದಲ್ಲಿ ಎಷ್ಟು ಸತ್ಯ ಹೊರಬಂದೀತು?

ಸ್ವಾತಂತ್ರ್ಯ ಬಂದ ಮೇಲೆ ವಿದ್ವಾಂಸರು ಹಳ್ಳಿಯಲ್ಲಿಯೇ ನೆಲೆಸಿ ಅಧ್ಯಯನ ಮಾಡತೊಡಗಿದರು. ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಬಿಡಾರ ಹೂಡಿ, ಅದಕ್ಕೆ ‘ರಾಂಪುರ’ವೆಂದು ಹೆಸರು ಕೊಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದಾಗ, ಎದೆಗುಂದದೆ ನೆನಪಿನ ಬಲದಿಂದಲೇ ಪುಸ್ತಕ ಬರೆದು 1976ರಲ್ಲಿ ಪ್ರಕಟಿಸಿದ ಕಥೆ ಪ್ರಸಿದ್ಧವಾಗಿದೆ. ತಾವು ಕಂಡ ಹಳ್ಳಿ ಮೇಲುಜಾತಿಯವರ ನಡುವೆ ನಿಂತು ಕಂಡ ಹಳ್ಳಿಯೆಂಬುದನ್ನು ಅವರು ತಾವಾಗಿಯೇ ಒಪ್ಪಿಕೊಂಡರು. ಈ ಪ್ರಾಮಾಣಿಕತೆ ಅಪರೂಪವಾದದ್ದು. 1954ರಿಂದ 56ರವರೆಗೆ ಮಂಡ್ಯ ಸೀಮೆಯ ಎರಡು ಹಳ್ಳಿಗಳನ್ನು ಅಭ್ಯಾಸ ಮಾಡಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1970ರಲ್ಲಿ ತಿರುಗಿ ಅದೇ ಹಳ್ಳಿಗಳಿಗೆ ಬಂದರು. ಒಂದು ಹಳ್ಳಿಗೆ ನಾಲೆಯ ನೀರು ಹರಿದಿತ್ತು, ಇನ್ನೊಂದಕ್ಕೆ ಇಲ್ಲ. ನೀರು ಕಂಡ ಊರು ಹಳೆಯ ಕಟ್ಟಿನಲ್ಲಿಯೇ ಉಳಿಯಿತು. ನೀರು ಕಾಣದ ಊರಿನವರು ಹೊರಗಿನ ಕೆಲಸಗಳಿಗೆ ಕೈಯಿಟ್ಟು ಹೆಚ್ಚು ಬದಲಾದರು. ದೂರದಿಂದ ಊಹಿಸಿದ್ದರೆ ಇದು ತಿಳಿಯುತ್ತಿರಲಿಲ್ಲ.

ಆದರೂ ಇವರೆಲ್ಲರ ಕ್ರಮದಲ್ಲಿ ತಿಳಿಯುವವರು ವಿದ್ವಾಂಸರು, ತಿಳಿಸಲ್ಪಡುವವರು ಹಳ್ಳಿಗರು. ಈ ಸಂಬಂಧವನ್ನು ತಿರುವುಮುರುವು ಮಾಡಬೇಕೆಂಬ ಆಲೋಚನೆ 1980ರ ದಶಕದಲ್ಲಿ ಬಲಗೊಂಡಿತು. ರಾಬರ್ಟ್ ಚೇಂಬರ್ಸ್ ಎಂಬ ಇಂಗ್ಲಿಷ್ ವಿದ್ವಾಂಸರು 1983ರಲ್ಲಿ ಬರೆದ ಪುಸ್ತಕದಲ್ಲಿ, ಹಳ್ಳಿ ನೋಡಲು ಹೋಗುವ ಪಟ್ಟಣಿಗರ ದೋಷಗಳನ್ನು ಪಟ್ಟಿ ಮಾಡಿದರು. ಅವರು ಟಾರು ರಸ್ತೆಯ ಬದಿಯನ್ನಷ್ಟೇ ನೋಡುತ್ತಾರೆ. ಮಳೆಯಿಲ್ಲದ ಹಿತವಾದ ದಿನಗಳಲ್ಲಿ ಹೋಗುತ್ತಾರೆ. ಗಂಡಸರೊಡನೆ, ಅವರಲ್ಲಿಯೂ ಅನುಕೂಲಸ್ಥರೊಡನೆ ಮಾತಾಡಿ ಹಿಂದಿರುಗುತ್ತಾರೆ. ಬಸ್ಸಿನ ಕಿಟಕಿಯಿಂದ ಕಲ್ಪತರು ನಾಡನ್ನು ನೋಡುವವನ ಚಿತ್ರವೇ ಇದು! ಇದಕ್ಕೆ ಪ್ರತಿಯಾಗಿ ಬೆಳೆದುಬಂದ ಕ್ರಮದಲ್ಲಿ ಹಳ್ಳಿಗರೇ ನೆಲದ ಮೇಲೆ ತಮ್ಮ ಊರಿನ ನಕ್ಷೆ ಬರೆಯುವರು. ಯಾವ ತಿಂಗಳು ಕೂಳಿಗೆ ಕಷ್ಟ, ಯಾವ ತಿಂಗಳು ಸಾಲ ಎಂಬುದನ್ನು ಬೀಜಗಳನ್ನಿಟ್ಟು ತೋರಿಸುವರು. ಯಾರು ಬಡವರು, ಏತಕ್ಕೆ ಬಡವರು ಎಂಬುದನ್ನು ತಾವೇ ತೀರ್ಮಾನಿಸುವರು. ಈ ಕ್ರಮವು ಮೊದಲು ಚಿಗುರಿದ ನೆಲಗಳಲ್ಲಿ ನಮ್ಮ ಕರ್ನಾಟಕವೂ ಒಂದು. 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆಯವರು 1989ರ ಸುಮಾರಿಗೆ ಇದನ್ನು ಹಳ್ಳಿಹಳ್ಳಿಗಳಲ್ಲಿ ಪ್ರಯೋಗಿಸಿದರು. ಮುಂದೆ 2000ದಲ್ಲಿ ವಿಶ್ವಬ್ಯಾಂಕು, ಹಲವು ದೇಶಗಳ ಸುಮಾರು 60 ಸಾವಿರ ಬಡಜನರ ಮಾತುಗಳನ್ನು ಸಂಗ್ರಹಿಸಿ ಹೊರತಂದ ಸಂಪುಟಗಳ ಮೂಲದಲ್ಲಿಯೂ ಇಂಥ ಅಧ್ಯಯನಗಳೇ ಇದ್ದವು. ಬಡತನವೆಂದರೆ ಹಣವಿಲ್ಲದಿರುವುದು ಮಾತ್ರವಲ್ಲ, ತಮ್ಮ ಮಾತಿಗೆ ಬೆಲೆಯಿಲ್ಲದಿರುವುದು, ಅವಮಾನ ನುಂಗಬೇಕಾಗುವುದು ಎಂದು ಆ ಜನರು ಹೇಳಿದ್ದರು.

ಇದೆಲ್ಲ ನಾನು ಪುಸ್ತಕದಿಂದ ತಿಳಿದದ್ದು. ಕಣ್ಣಿಂದ ತಿಳಿದದ್ದು 2024ರ ಆರಂಭದಲ್ಲಿ.

ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ವಿದ್ಯಾರ್ಥಿಗಳ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಕೊಬ್ಬರಿಯ ಬೆಲೆ ನೆಲಕಚ್ಚಿತ್ತು. 2023ರ ಹಂಗಾಮಿಗೆ ಕೇಂದ್ರ ಸರ್ಕಾರವು ಕ್ವಿಂಟಾಲು ಉಂಡೆ ಕೊಬ್ಬರಿಗೆ 11,750 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿದ್ದರೂ ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಗೆ ಇಳಿದಿತ್ತು. ಊರಿನ ಸ್ಥಿತಿಗತಿ ತಿಳಿಯೋಣವೆಂದು ನಾನೊಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿ ಅಚ್ಚು ಹಾಕಿಸಿದ್ದೆ. ಮನೆಯ ಚಾವಣಿ ಯಾವುದು, ತೆಂಗಿನ ಮರ ಎಷ್ಟು, ಪಡಿತರ ಚೀಟಿ ಯಾವ ಬಗೆಯದು, ಮನೆಯಲ್ಲಿ ಟಿ.ವಿ. ಉಂಟೆ, ಇತ್ಯಾದಿ. ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಸಂಜೆಯೊಳಗೆ ತುಂಬಿಕೊಂಡು ಬಂದರು. ಮೋಲ್ಡ್ ಹಾಕಿದ ಮನೆಯೂ ನಲವತ್ತು ತೆಂಗಿನ ಮರಗಳೂ ಇದ್ದ ಒಬ್ಬ ವಿಧವೆಯ ಹೆಸರಿನ ಮುಂದೆ ‘ಅನುಕೂಲಸ್ಥರು’ ಎಂದು ಬರೆದಿತ್ತು. ಅದನ್ನು ಪರೀಕ್ಷಿಸಿ ಸಹಿ ಹಾಕಿದವನು ನಾನೇ.

ಮರುದಿನ ಬೆಳಗ್ಗೆ ಗುಡಿಯ ಮುಂದಿನ ಅಂಗಳದಲ್ಲಿ ಊರವರನ್ನು ಕೂರಿಸಿ, ರಂಗೋಲಿ ಹಿಟ್ಟನ್ನು ಕೊಟ್ಟು, ಊರಿನ ನಕ್ಷೆ ಬರೆಯಿರಿ ಎಂದೆವು. ಮೊದಲು ನಗು, ಆಮೇಲೆ ಸಂಕೋಚ, ಕಡೆಗೆ ಜಗಳ! ಕೆರೆಯ ಕೋಡಿ ಎಲ್ಲಿ ಬರಬೇಕೆಂಬ ವಿಷಯಕ್ಕೇ ಅರ್ಧ ಗಂಟೆ ವಾದವಾಯಿತು. ನಕ್ಷೆ ಮುಗಿದ ಮೇಲೆ ಹುಣಿಸೆ ಬೀಜಗಳನ್ನು ಹಂಚಿ, ಮನೆಗಳನ್ನು ನಿಮಗೆ ತೋರಿದಂತೆ ವಿಂಗಡಿಸಿ ಎಂದೆವು. ‘ಬಡವ’, ‘ಶ್ರೀಮಂತ’ ಎಂಬ ಮಾತುಗಳನ್ನು ಅವರು ಬಳಸಲೇ ಇಲ್ಲ. ಅವರು ಮಾಡಿದ ಗುಂಪುಗಳು ಮೂರು: ಕೂತು ತಿನ್ನುವವರು, ದುಡಿದು ತಿನ್ನುವವರು, ಕೇಳಿ ತಿನ್ನುವವರು. ಇಷ್ಟು ಅಚ್ಚುಕಟ್ಟಾದ ವರ್ಗೀಕರಣವನ್ನು ನಾನು ಯಾವ ಸಮಿತಿಯ ವರದಿಯಲ್ಲಿಯೂ ಓದಿಲ್ಲ.

ನಮ್ಮ ‘ಅನುಕೂಲಸ್ಥ’ ವಿಧವೆಯ ಬೀಜ ‘ಕೇಳಿ ತಿನ್ನುವವರ’ ಗುಂಪಿನಲ್ಲಿ ಬಿತ್ತು. ನಾನು ತಡೆಯಲಾರದೆ, “ಆಕೆಗೆ ತೋಟವಿದೆಯಲ್ಲ?” ಎಂದೆ. ಮುದುಕರೊಬ್ಬರು ನನ್ನನ್ನು ನೋಡಿ, “ತೋಟ ಐತೆ ಸ್ವಾಮಿ, ಅಟ್ಟ ಖಾಲಿ ಐತೆ” ಎಂದರು.

ಆ ಒಂದು ಮಾತು ನನ್ನ ಪ್ರಶ್ನಾವಳಿಯನ್ನೆಲ್ಲ ಉರುಳಿಸಿತು. ಈ ಸೀಮೆಯ ಹೊರಗಿನ ವಾಚಕರಿಗಾಗಿ ಇದನ್ನಷ್ಟು ವಿವರಿಸಬೇಕು. ತಿಪಟೂರು ಹೆಸರಾಗಿರುವುದು ಉಂಡೆ ಕೊಬ್ಬರಿಗೆ. ಬಲಿತ ಕಾಯಿಯನ್ನು ಮಟ್ಟೆಸಹಿತವಾಗಿ ಅಟ್ಟದ ಮೇಲೆ ಹರಡಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಟಗಟ ಸದ್ದಾಗಬೇಕು. ಆಮೇಲೆ ಮಟ್ಟೆ ಸುಲಿದು, ಕರಟ ಒಡೆದು, ಉಂಡೆ ಒಡೆಯದಂತೆ ಕೊಬ್ಬರಿಯನ್ನು ತೆಗೆಯಬೇಕು. ಬಿಸಿಲಿಗಾಗಲಿ ಒಲೆಗಾಗಲಿ ಇದರಲ್ಲಿ ಅವಸರವಿಲ್ಲ. ಕಾಲವೇ ಇಲ್ಲಿಯ ಒಲೆ. ಎಂದರೆ ಕೊಬ್ಬರಿಯ ಬೆಲೆಯಲ್ಲಿ ಮರದ ಪಾಲು ಎಷ್ಟೋ ಕಾಯುವಿಕೆಯ ಪಾಲೂ ಅಷ್ಟೇ ಇದೆ. ನಮ್ಮ ಭಾಷೆಯಲ್ಲಿ ಮರದಿಂದ ಬೀಳುವುದೂ ಕಾಯಿ, ತಾಳ್ಮೆಯಿಂದಿರುವುದೂ ಕಾಯುವುದು. ಕಾಯಿ ಇದ್ದವನಲ್ಲ, ಕಾಯಬಲ್ಲವನೇ ಇಲ್ಲಿ ಸ್ಥಿತಿವಂತ.

ಕಾಯಲಾರದವರ ಪಾಡೇನು? ಆ ತಾಯಿಯ ಮನೆಗೆ ಸಂಜೆ ನಾನೂ ಇಬ್ಬರು ವಿದ್ಯಾರ್ಥಿನಿಯರೂ ಹೋದೆವು. ಮನೆ ಗಂಡನ ಕಾಲದಲ್ಲಿ ಕಟ್ಟಿದ್ದು. ಅವನ ಆಸ್ಪತ್ರೆಯ ಖರ್ಚಿಗೆ ಮಾಡಿದ ಸಾಲ ತೀರಿರಲಿಲ್ಲ. ನಲವತ್ತು ಮರಗಳ ಫಸಲು ಸಾಲ ಕೊಟ್ಟವನಿಗೆ ಗುತ್ತಿಗೆ. ಆತ ಬಿಟ್ಟ ಅಷ್ಟಿಷ್ಟು ಕಾಯಿಯನ್ನೂ ಮಗಳ ಕಾಲೇಜಿನ ಫೀಸಿಗಾಗಿ ಬಿದ್ದ ವಾರವೇ ಹಸಿಯಾಗಿ ಮಾರಬೇಕು. ಕೊಳವೆ ಬಾವಿ ಬತ್ತಿತ್ತು. ಬೆಂಬಲ ಬೆಲೆಗೆ ಹೆಸರು ನೋಂದಾಯಿಸಲು ಪಹಣಿ ತನ್ನ ಹೆಸರಿನಲ್ಲಿರಬೇಕು. ಅದು ಇನ್ನೂ ಮಾವನ ಹೆಸರಿನಲ್ಲಿತ್ತು. ಪಹಣಿಯಿದ್ದರೂ ಮಾರಲು ಕೊಬ್ಬರಿ ಬೇಕು. ಕೊಬ್ಬರಿಗೆ ಅಟ್ಟದಲ್ಲಿ ಕಾಯಿ ಬೇಕು. ಕಾಯಿಗೆ ಒಂದು ವರ್ಷ ಸುಮ್ಮನಿರುವ ಚೈತನ್ಯ ಬೇಕು. ಸರ್ಕಾರದ ಕೈ ಎಷ್ಟು ಉದಾರವಾಗಿ ಚಾಚಿದರೂ ಅಟ್ಟವಿದ್ದವರ ಎತ್ತರಕ್ಕೆ ಮಾತ್ರ ಅದು ಎಟಕುತ್ತದೆ. ಆಕೆ ಈಗ ಬೇರೆಯವರ ಮನೆಯಲ್ಲಿ ಕರಟ ಒಡೆಯುವ ಕೂಲಿಗೆ ಹೋಗುತ್ತಿದ್ದಳು. “ನಮ್ಮ ಮರದ್ದೇ ಕಾಯಿ ಇದ್ರೂ ಇರಬೈದು, ಯಾರಿಗ್ ಗೊತ್ತು?” ಎಂದು ಆಕೆ ನಕ್ಕಳು. ನನ್ನ ಜೊತೆಯಲ್ಲಿದ್ದ ಹುಡುಗಿಯರು ನಗಲಿಲ್ಲ.

ನನಗೆ ನೆನಪಾದದ್ದು ನಮ್ಮ ಮನೆಯ ಅಟ್ಟ. ಬಾಲ್ಯದಲ್ಲಿ ಅದರ ಮೇಲೆ ಬಚ್ಚಿಟ್ಟುಕೊಂಡು ಆಡಿದ್ದೇನೆ. ಕರಟ ಒಡೆಯಲು ಬರುತ್ತಿದ್ದ ಹೆಂಗಸರು ಅಂಗಳದಲ್ಲಿ ಸಾಲಾಗಿ ಕುಳಿತು, ಕತ್ತಿಯ ಹಿಂಬದಿಯಿಂದ ಒಂದೊಂದೇ ಪೆಟ್ಟು ಹಾಕಿ, ಉಂಡೆಗೆ ನೋವಾಗದಂತೆ ಬಿಡಿಸುತ್ತಿದ್ದುದನ್ನು ಗಂಟೆಗಟ್ಟಲೆ ನೋಡಿದ್ದೇನೆ. ಅವರಿಗೆ ತೋಟವಿತ್ತೆ, ಇದ್ದ ತೋಟ ಏನಾಯಿತು ಎಂದು ಅಂದಾಗಲಿ ಆಮೇಲಾಗಲಿ ನಾನು ಕೇಳಿದವನಲ್ಲ.

ಇಷ್ಟಕ್ಕೇ ಈ ಕ್ರಮವನ್ನು ಹೊಗಳಿ ಲೇಖನ ಮುಗಿಸಿದ್ದರೆ ಸುಲಭವಾಗುತ್ತಿತ್ತು. ಆದರೆ ಮೂರನೆಯ ದಿನ ಇನ್ನೊಂದು ಪಾಠ ಕಾದಿತ್ತು. ಗುಡಿಯ ಅಂಗಳದ ನಕ್ಷೆಯನ್ನು ಕಾಗದಕ್ಕೆ ಇಳಿಸುತ್ತಿದ್ದ ವಿದ್ಯಾರ್ಥಿಯೊಬ್ಬ, “ಸಾರ್, ಕೇರಿ ಎಲ್ಲಿ?” ಎಂದು ಕೇಳಿದ. ನೋಡಿದರೆ, ಕೆರೆ, ಗುಡಿ, ತೋಟ, ಶಾಲೆ, ಡೇರಿ ಎಲ್ಲ ಇದ್ದ ಆ ನಕ್ಷೆಯಲ್ಲಿ ದಲಿತರ ಕೇರಿಯೇ ಇರಲಿಲ್ಲ! ಯಾರೂ ಬೇಕೆಂದು ಬಿಟ್ಟದ್ದಲ್ಲ. ಬರೆದವರಿಗೆ ಅದು ಊರೆಂದು ತೋರಿರಲಿಲ್ಲ, ಅಷ್ಟೆ. ಕೇರಿಯವರು ಬಂದಿರಲಿಲ್ಲವೆಂದೂ ಅಲ್ಲ. ಅಂಗಳದ ಹೊರಗೆ, ಬೇವಿನ ಮರದ ಕೆಳಗೆ ನಿಂತು ನೋಡಿ ಹೋಗಿದ್ದರು. ಗುಡಿಯ ಮುಂದೆ ಸಭೆ ಕರೆದವರು ನಾವು. ಹಾಗಾದರೆ ಬಿಟ್ಟವರು ಯಾರು?

ಆ ಮಧ್ಯಾಹ್ನ ಕೇರಿಯಲ್ಲಿ ಇನ್ನೊಂದು ನಕ್ಷೆಯಾಯಿತು. ಅದರಲ್ಲಿ ಊರು ಚಿಕ್ಕದು, ದಾರಿಗಳು ದೊಡ್ಡವು. ಸುಲಿಯುವ ಕೆಲಸಕ್ಕೆ ಹೋಗುವ ದಾರಿ, ನಾರಿನ ಕಾರ್ಖಾನೆಗೆ ಹೋಗುವ ದಾರಿ, ಬೆಂಗಳೂರಿಗೆ ಹೋಗುವ ಬಸ್ಸು ನಿಲ್ಲುವ ದಾರಿ. ಹನ್ನೆರಡು ತಿಂಗಳಿಗೆ ಹನ್ನೆರಡು ಗೆರೆ ಎಳೆದು ಕೆಲಸವಿದ್ದಷ್ಟಕ್ಕೆ ಬೀಜವಿಡಿ ಎಂದಾಗ ಹೆಂಗಸರು ಮುಂದೆ ಬಂದರು. ತೋಟದವರಿಗೆ ಕೊಬ್ಬರಿಯ ಬೆಲೆ ಬಿದ್ದರೆ ನಷ್ಟ. ಆದರೆ ಬೆಲೆ ಏರಲೆಂದು ಅವರು ಕೊಬ್ಬರಿ ಒಡೆಯದೆ ಕಾಯುತ್ತ ಕುಳಿತರೆ ಇವರಿಗೆ ಕೂಲಿಯಿಲ್ಲ. ಅವರ ಕಾಯುವಿಕೆ ಇವರ ಉಪವಾಸ. ಅಟ್ಟದ ಮಾತನ್ನು ಕೇಳಿ ಎಲ್ಲ ತಿಳಿಯಿತೆಂದುಕೊಂಡಿದ್ದ ನನಗೆ, ಅಟ್ಟದ ಕೆಳಗೂ ಒಂದು ನೆಲವಿದೆಯೆಂಬುದು ಆಗ ಅರಿವಾಯಿತು. ‘ದರಿದ್ರ’ ಎಂಬ ಮಾತಿನ ಮೂಲದ ಓಡಾಟವು ಕೇರಿಯವರು ಬರೆದ ಆ ದಾರಿಗಳಲ್ಲಿ ಕಾಣುತ್ತಿತ್ತು.

ಜನರೊಡನೆ ಕೂಡಿ ತಿಳಿಯುವುದೆಂಬ ಈ ಮಾರ್ಗದ ಕಷ್ಟಗಳನ್ನು ವಿಮರ್ಶಕರು ಎತ್ತಿ ತೋರಿಸಿಯೂ ಇದ್ದಾರೆ. ‘ಜನ’ ಎಂಬುದು ಒಂದೇ ಗಂಟಲಲ್ಲ. ಸಭೆಯಲ್ಲಿ ಗಟ್ಟಿಯಾಗಿ ಮಾತಾಡುವವನ ಮಾತೇ ಊರಿನ ಮಾತಾಗುವ ಅಪಾಯವುಂಟು. ನೆರೆಯವರ ಬಡತನವನ್ನು ಬಯಲಿನಲ್ಲಿ ಎಣಿಸುವುದು ಮರ್ಯಾದೆಯೆ, ಎಂಬ ಪ್ರಶ್ನೆಯೂ ಇದೆ. ಆ ತಾಯಿ ಅಂದು ಗುಡಿಯ ಮುಂದೆ ಇದ್ದಿದ್ದರೆ ನಾನು ತಲೆಯೆತ್ತುವುದು ಹೇಗಿತ್ತು? ಕೆಲವೆಡೆ ನಕ್ಷೆ, ಬೀಜ, ರಂಗೋಲಿಗಳು ಬರಿಯ ಶಾಸ್ತ್ರವಾಗಿ, ಮೊದಲೇ ನಿಶ್ಚಯವಾದ ಯೋಜನೆಗೆ ಜನರ ಒಪ್ಪಿಗೆಯ ಮುದ್ರೆ ಒತ್ತುವ ಉಪಾಯವಾದದ್ದೂ ಉಂಟು. ಆದರೆ ಈ ದೋಷಗಳು ಯಾವುವೂ ಅಚ್ಚಾದ ಪ್ರಶ್ನಾವಳಿಯಲ್ಲಿ ಇಲ್ಲವೆಂದಲ್ಲ. ಅಲ್ಲಿ ಅವು ಕಾಣುವುದಿಲ್ಲ, ಇಲ್ಲಿ ಕಾಣುತ್ತವೆ. ‘ಕೇರಿ ಎಲ್ಲಿ?’ ಎಂದು ನನ್ನ ಪ್ರಶ್ನಾವಳಿಯನ್ನು ಯಾರೂ ಕೇಳುತ್ತಿರಲಿಲ್ಲ. ತಪ್ಪನ್ನು ತಿದ್ದಿಕೊಳ್ಳಲು ಎಡೆಯಿರುವ ಮಾರ್ಗವೇ ಅರಿವಿನ ಮಾರ್ಗವಲ್ಲವೆ?

ಶಿಬಿರದ ಕಡೆಯ ದಿನ ಕೇರಿಯ ವೃದ್ಧೆಯೊಬ್ಬಳು, “ಬರಕಂಡು ಓದೋರು ಭಾಳ ಜನ. ತಿರುಗಿ ಬಂದೋರು ಯಾರೂ ಇಲ್ಲ” ಎಂದಿದ್ದಳು. ಆ ಮಾತು ಮುಳ್ಳಿನಂತೆ ಉಳಿದಿತ್ತು. 2025ರ ಮಳೆಗಾಲದಲ್ಲಿ, ಎರಡು ನಕ್ಷೆಗಳನ್ನೂ ಸೇರಿಸಿ ದೊಡ್ಡ ಹಾಳೆಯ ಮೇಲೆ ಬರೆಸಿಕೊಂಡು, ಅದೇ ವಿದ್ಯಾರ್ಥಿಗಳಲ್ಲಿ ಸಿಕ್ಕವರೊಡನೆ ನಾನು ಅಲ್ಲಿಗೆ ಹೋದೆ. ಆ ವೇಳೆಗೆ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿಯ ಬೆಲೆ ಕ್ವಿಂಟಾಲಿಗೆ 20 ಸಾವಿರ ದಾಟಿತ್ತು. ಪತ್ರಿಕೆಗಳಲ್ಲಿ ಕಲ್ಪತರು ನಾಡಿನ ಭಾಗ್ಯದ ವರ್ಣನೆ. ಆದರೆ ಬೆಲೆ ಏರಿದ್ದಕ್ಕೆ ಕಾರಣವೇ ಇಳುವರಿ ಕುಸಿದದ್ದು. ಬರದ ಪೆಟ್ಟು ತಿಂದ ಮರ ಕಾಯಿ ಬಿಡುವುದನ್ನು ಮರೆತಿತ್ತು. ಅಟ್ಟದಲ್ಲಿ ಹಳೆಯ ಕಾಯಿ ಇಟ್ಟುಕೊಂಡಿದ್ದವರು ಗೆದ್ದರು. ವಿಧವೆ ತಾಯಿಯ ಗುತ್ತಿಗೆಯ ಅವಧಿ ಇನ್ನೂ ಮುಗಿದಿರಲಿಲ್ಲ. ಒಂದು ಮಾತ್ರ ಆಗಿತ್ತು: ನಮ್ಮ ವಿದ್ಯಾರ್ಥಿನಿಯೊಬ್ಬಳು ಆಕೆಯ ಜೊತೆಗೆ ನಾಡಕಚೇರಿಗೆ ಅಲೆದು, ಪಹಣಿಯ ಹೆಸರು ಬದಲಾಯಿಸುವ ಅರ್ಜಿ ಕೊಡಿಸಿದ್ದಳು.

ಊರಿನವರೂ ಕೇರಿಯವರೂ ಶಾಲೆಯ ಜಗಲಿಯಲ್ಲಿ ಒಟ್ಟಿಗೆ ಕುಳಿತು ಹಾಳೆಯನ್ನು ನೋಡಿದರು. ಸತ್ತವರ ಮನೆ, ಊರು ಬಿಟ್ಟವರ ಮನೆಗಳನ್ನು ಬೆರಳಿಟ್ಟು ತೋರಿಸಿ ತಿದ್ದಿಸಿದರು. ಎಲ್ಲ ಮುಗಿದ ಮೇಲೆ ಅದೇ ವೃದ್ಧೆ, ಮಡಿಲಿನಿಂದಲೋ ಎಲ್ಲಿಂದಲೋ ಒಂದು ಹುಣಿಸೆ ಬೀಜ ತೆಗೆದು ನನ್ನ ಕೈಗೆ ಕೊಟ್ಟು, “ಎಲ್ರುದ್ದೂ ಇಟ್ಟಾಯ್ತು. ನಿಮ್ಮನೆ ಎಲ್ಲಿಡ್ತೀರಿ ಮೇಷ್ಟ್ರೆ?” ಎಂದಳು.

ಸುತ್ತಲಿದ್ದವರೆಲ್ಲ ನಕ್ಕರು. ನನ್ನ ವಿದ್ಯಾರ್ಥಿಗಳೂ ನಕ್ಕರು. ತಿಂಗಳ ಸಂಬಳ, ಪಟ್ಟಣದ ಮನೆ, ಅಣ್ಣನ ವಶದಲ್ಲಿರುವ ತೋಟದಲ್ಲಿ ನನ್ನ ಪಾಲು, ಆ ಹಳೆಯ ಅಟ್ಟ, ಎಲ್ಲವೂ ಕಣ್ಣ ಮುಂದೆ ಬಂದವು. ಉತ್ತರ ನನಗೂ ಗೊತ್ತು, ಅವರಿಗೂ ಗೊತ್ತು. ಆದರೂ ಅಷ್ಟು ಜನರ ಎದುರಿಗೆ ಬಗ್ಗಿ, ಬೀಜವನ್ನು ‘ಕೂತು ತಿನ್ನುವವರ’ ಗುಂಪಿನಲ್ಲಿಡಲು ನನ್ನ ಕೈ ಕ್ಷಣಕಾಲ ಹಿಂಜರಿಯಿತು. ಇನ್ನೊಬ್ಬರ ಮನೆಬಾಗಿಲಲ್ಲಿ ನಿಂತು ಇಂಥವೇ ಪ್ರಶ್ನೆಗಳನ್ನು ಎಷ್ಟು ಸಲೀಸಾಗಿ ಕೇಳಿದ್ದೆವು!

ಬೀಜವನ್ನು ಇಟ್ಟೆ. ಆಕೆ ತಲೆಯಾಡಿಸಿ, “ಸರಿಯಾಗ್ ಇಟ್ರಿ” ಎಂದಳು.